ಸತ್ತಿತೆಂದ ಬ್ಯಾಟರಿ

“ಬ್ಯಾಟರಿ ಸತ್ತೈತ್ರಿ, ಹೊಸಾದ ಹಾಕಬೇಕ್ರಿ.” ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ ಧಾರವಾಡದ ಯಾವುದೇ ಓಣಿಯಲ್ಲಾಗಲಿ, ಮೋಟಾರ್ ಸೈಕಲ್ ದುರಸ್ತಿ ಮಾಡುವ ಗ್ಯಾರೇಜಿನ ಮುಂದೆ ಸ್ವಲ್ಪ ಹೊತ್ತು ನಿಂತವರ ಕಿವಿಗೆ ಈ ಮಾತು ಬೀಳದೆ ಇರದು. ಗಾಡಿಯ ಒಡೆಯನು ಮರುಮಾತಿಲ್ಲದೆ ಹಣ ಎಣಿಸಿ ಕೊಡುತ್ತಾನೆ. ಸತ್ತಿತೆಂದ ಮೇಲೆ ವಾದಿಸುವವರು ಯಾರು? ಆದರೆ ಬ್ಯಾಟರಿಯ ಸಾವು ಒಂದೇ ಬಗೆಯದಲ್ಲ. ಹಸಿದು ಮಲಗಿದ್ದನ್ನು ಸತ್ತಿತೆನ್ನುವುದುಂಟು. ನೀರಡಿಸಿ ಬಾಡಿದ್ದನ್ನು ಸತ್ತಿತೆನ್ನುವುದುಂಟು. ನಿಜವಾಗಿಯೇ ಸತ್ತಿರುವುದೂ ಉಂಟು. ಮೊದಲಿನ ಎರಡನ್ನು ಮನೆಯಲ್ಲಿಯೇ ಎಬ್ಬಿಸಬಹುದು. ಮೂರನೆಯದನ್ನು ಎಬ್ಬಿಸ ಹೊರಡುವುದು ಹಣಕ್ಕೂ ಕೇಡು, ಮೈಗೂ ಕೇಡು. ಇವುಗಳಲ್ಲಿ ಯಾವುದು ಯಾವುದೆಂದು ತಿಳಿಯಬೇಕಾದರೆ ಬ್ಯಾಟರಿಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

೨೦೨೦ರ ಮಾರ್ಚ್ ೨೫ರಿಂದ ದೇಶದಲ್ಲೆಲ್ಲ ಲಾಕ್‌ಡೌನ್ ಜಾರಿಗೆ ಬಂದಾಗ ಮನೆಮನೆಯ ಅಂಗಳದಲ್ಲಿ ಗಾಡಿಗಳು ವಾರಗಟ್ಟಲೆ ನಿಂತುಬಿಟ್ಟವು. ಅದು ಬೇಸಿಗೆಯ ಕಾಲ ಬೇರೆ. ಮತ್ತೆ ಹೊರಗೆ ಹೊರಡುವ ದಿನ ಬಂದಾಗ ಗುಂಡಿ ಒತ್ತಿದರೆ ‘ಟಿಕ್ ಟಿಕ್’ ಎಂಬ ಸದ್ದಿನ ಹೊರತು ಮತ್ತೇನೂ ಕೇಳಿಸದ ಗಾಡಿಗಳು ಎಷ್ಟೋ! ಓಡಿ ಓಡಿ ಸವೆದ ಬ್ಯಾಟರಿಗಳಲ್ಲ ಅವು. ಸುಮ್ಮನೆ ನಿಂತು ಕೆಟ್ಟವು. ದುಡಿದದ್ದಕ್ಕಿಂತ ಕುಳಿತದ್ದರಿಂದಲೇ ಬೇಗ ಹಾಳಾಗುವ ವಸ್ತುಗಳಲ್ಲಿ ಬ್ಯಾಟರಿಯೂ ಒಂದು.

ಒಂದು ಕಾಲಕ್ಕೆ ಇದು ಅಷ್ಟು ದೊಡ್ಡ ತೊಂದರೆಯಾಗಿರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ೧೯೬೧ರಿಂದ ತಯಾರಾಗುತ್ತಿದ್ದ ಜಾವಾ ಗಾಡಿಗಳಿಗೆ ೬ ವೋಲ್ಟಿನ ಬ್ಯಾಟರಿ ಇತ್ತು. ಕಿಡಿ ಹಾರಿಸಲು ಅವಕ್ಕೂ ಬ್ಯಾಟರಿಯೇ ಬೇಕಾಗಿತ್ತು. ಆ ಬಳಿಕ ಬಂದ ಹಲವು ಗಾಡಿಗಳಲ್ಲಿ ಎಂಜಿನ್ನು ತಿರುಗಿದಾಗ ಹುಟ್ಟುವ ವಿದ್ಯುತ್ತೇ ಕಿಡಿಗೆ ಸಾಕಾಗುತ್ತಿದ್ದುದರಿಂದ, ಬ್ಯಾಟರಿ ಇಲ್ಲದಿದ್ದರೂ ಕಿಕ್ ಹೊಡೆದು ಹೊರಡಬಹುದಾಗಿತ್ತು. ೨೦೨೦ರ ಏಪ್ರಿಲ್ ೧ರಿಂದ ಹೊಗೆಯ ಹೊಸ ನಿಯಮ ಬಂದ ಮೇಲೆ ಬಹುಪಾಲು ಮೋಟಾರ್ ಸೈಕಲ್ಲುಗಳಲ್ಲಿ ಪೆಟ್ರೋಲನ್ನು ಚಿಮ್ಮಿಸುವ ಕೆಲಸವನ್ನು ಒಂದು ಪುಟ್ಟ ಗಣಕಯಂತ್ರ ಮಾಡುತ್ತದೆ. ಅದಕ್ಕೂ ಪೆಟ್ರೋಲ್ ಪಂಪಿಗೂ ಸರಿಯಾದ ವೋಲ್ಟೇಜ್ ಬೇಕು. ಕೆಲವು ಗಾಡಿಗಳಿಗೆ ಕಿಕ್ಕಿನ ಕಾಲೇ ಇಲ್ಲ. ಹಾಗಾಗಿ ಅಂಗೈ ಅಗಲದ ಒಂದು ಪೆಟ್ಟಿಗೆ ಇಡೀ ಗಾಡಿಯನ್ನು ಕಟ್ಟಿಹಾಕಬಲ್ಲದು.

ಬ್ಯಾಟರಿಯಲ್ಲಿ ವಿದ್ಯುತ್ತನ್ನು ತುಂಬಿಡುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಮಾತಿಗೆ ಇದು ಸರಿ, ವಿಜ್ಞಾನಕ್ಕೆ ಸರಿಯಲ್ಲ. ನಮ್ಮ ಕಡೆಯ ರೈತರು ಹಿಂದೆ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದರು. ಹಾಕಿದ ಜೋಳವೇ ಹೊರಗೆ ಬರುತ್ತಿತ್ತು. ಬ್ಯಾಟರಿ ಅಂತಹ ಹಗೇವಲ್ಲ. ಅದರಲ್ಲಿ ವಿದ್ಯುತ್ತು ಕೂಡಿಬಿದ್ದಿರುವುದಿಲ್ಲ. ವಿದ್ಯುತ್ತು ಒಳಗೆ ಹರಿದಾಗ ಅಲ್ಲಿರುವ ಪದಾರ್ಥಗಳು ಬದಲಾಗುತ್ತವೆ; ಆ ಪದಾರ್ಥಗಳು ತಿರುಗಿ ಮೊದಲಿನಂತಾಗುವಾಗ ವಿದ್ಯುತ್ತು ಹೊರಗೆ ಹರಿಯುತ್ತದೆ.

ಆ ಪದಾರ್ಥಗಳು ಮೂರೇ. ಧನ ಫಲಕದ ಮೇಲೆ ಕಂದು ಬಣ್ಣದ ಸೀಸದ ಡೈಆಕ್ಸೈಡು, ಋಣ ಫಲಕದ ಮೇಲೆ ಬೂದು ಬಣ್ಣದ ಮೆದು ಸೀಸ, ಇವೆರಡನ್ನೂ ಮುಳುಗಿಸಿರುವ ಸಾರ ತಗ್ಗಿಸಿದ ಗಂಧಕಾಮ್ಲ. ದೀಪ ಉರಿಯುವಾಗ, ಹಾರ್ನ್ ಕೂಗುವಾಗ, ಎರಡೂ ಫಲಕಗಳು ಆಮ್ಲದೊಡನೆ ಕೂಡಿ ನಿಧಾನವಾಗಿ ಸೀಸದ ಸಲ್ಫೇಟಾಗಿ ಮಾರ್ಪಡುತ್ತವೆ. ಆಮ್ಲದ ಸತ್ವವು ಫಲಕಗಳನ್ನು ಸೇರಿದುದರಿಂದ ಉಳಿದ ದ್ರವವು ನೀರುನೀರಾಗುತ್ತದೆ. ಚಾರ್ಜು ಮಾಡುವಾಗ ಇದೆಲ್ಲ ಹಿಂದುಮುಂದಾಗಿ ನಡೆಯುತ್ತದೆ: ಸಲ್ಫೇಟು ಫಲಕಗಳನ್ನು ಬಿಟ್ಟು ದ್ರವಕ್ಕೆ ಮರಳುತ್ತದೆ, ದ್ರವ ಮತ್ತೆ ತೀಕ್ಷ್ಣವಾಗುತ್ತದೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಡಿರಿ. ಮುಂದೆ ಹೇಳುವ ಎಲ್ಲ ಎಚ್ಚರಿಕೆಗಳೂ ಇದರಿಂದಲೇ ಹುಟ್ಟಿವೆ.

ಈ ಕೋಶವನ್ನು ೧೮೫೯ರಲ್ಲಿ ರಚಿಸಿದವನು ಫ್ರಾನ್ಸ್ ದೇಶದ ಗ್ಯಾಸ್ಟನ್ ಪ್ಲಾಂಟೆ. ಎರಡು ಸೀಸದ ತಗಡುಗಳು ಒಂದಕ್ಕೊಂದು ತಾಗದಂತೆ ನಡುವೆ ಪಟ್ಟಿಯಿಟ್ಟು ಸುರುಳಿ ಸುತ್ತಿ, ಗಂಧಕಾಮ್ಲದಲ್ಲಿ ಅದ್ದಿದನು. ೧೮೮೧ರಲ್ಲಿ ಅದೇ ದೇಶದ ಕಾಮಿಲ್ ಫೋರ್ ಎಂಬಾತ ಸೀಸದ ಫಲಕಕ್ಕೆ ಸೀಸದ ಆಕ್ಸೈಡಿನ ಕಣಕವನ್ನು ಮೆತ್ತುವ ಬಗೆಯನ್ನು ಕಂಡುಹಿಡಿದುದರಿಂದ ಕೋಶದ ಶಕ್ತಿ ಬಹುವಾಗಿ ಹೆಚ್ಚಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದರೂ ಮೂಲ ತತ್ತ್ವ ಬದಲಾಗಿಲ್ಲ. ಒಂದು ಕೋಶದಿಂದ ಸುಮಾರು ೨.೧ ವೋಲ್ಟ್ ದೊರೆಯುತ್ತದೆ. ಮೂರು ಕೋಶಗಳನ್ನು ಸಾಲಾಗಿ ಜೋಡಿಸಿದರೆ ೬ ವೋಲ್ಟಿನ ಬ್ಯಾಟರಿ, ಆರನ್ನು ಜೋಡಿಸಿದರೆ ೧೨ ವೋಲ್ಟಿನದು. ಹುಬ್ಬಳ್ಳಿಯ ನಿಲ್ದಾಣದಲ್ಲಿ ನಿಂತ ರೈಲು ಡಬ್ಬಿಯ ಅಡಿಗೆ ಬಾಗಿ ನೋಡಿದರೆ ದೊಡ್ಡ ಪೆಟ್ಟಿಗೆಗಳು ತೂಗುತ್ತಿರುವುದು ಕಾಣಿಸುತ್ತದೆ. ಅವುಗಳಲ್ಲಿರುವುದೂ ಇದೇ ಕುಲದ ಕೋಶಗಳು.

ಇನ್ನು ಕೆಡುವ ಬಗೆ. ಗಾಡಿ ನಿಂತಿದ್ದರೂ ಕೋಶದೊಳಗಿನ ಕ್ರಿಯೆ ಪೂರ್ತಿ ನಿಲ್ಲುವುದಿಲ್ಲ. ದಿನವೂ ಇಷ್ಟಿಷ್ಟು ಶಕ್ತಿ ಸೋರಿಹೋಗುತ್ತದೆ. ಉಷ್ಣತೆ ೧೦ ಡಿಗ್ರಿ ಏರಿದರೆ ಈ ಸೋರಿಕೆ ಸುಮಾರು ಇಮ್ಮಡಿಯಾಗುತ್ತದೆ. ಆದಕಾರಣ ಏಪ್ರಿಲ್ ತಿಂಗಳ ಹುಬ್ಬಳ್ಳಿಯ ಬಿಸಿಲಿನಲ್ಲಿ ನಿಂತ ಗಾಡಿಗೂ ಡಿಸೆಂಬರಿನ ತಂಪಿನಲ್ಲಿ ನಿಂತ ಗಾಡಿಗೂ ಬಹಳ ಅಂತರವುಂಟು. ಹೀಗೆ ಇಳಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಮೊದಲು ನಯವಾದ ಪುಡಿಯಂತಿರುತ್ತದೆ. ಆಗಲೇ ಚಾರ್ಜು ಮಾಡಿದರೆ ಸುಲಭವಾಗಿ ಕರಗಿ ಹಿಂದಿರುಗುತ್ತದೆ. ವಾರಗಳು, ತಿಂಗಳುಗಳು ಕಳೆದರೆ ಆ ಪುಡಿಯೇ ದೊಡ್ಡ ದೊಡ್ಡ ಹರಳುಗಳಾಗಿ ಗಟ್ಟಿಗೊಳ್ಳುತ್ತದೆ. ಕಲ್ಲುಸಕ್ಕರೆಯ ಗಟ್ಟಿ ಪುಡಿಸಕ್ಕರೆಯಷ್ಟು ಬೇಗ ಕರಗುವುದಿಲ್ಲವಷ್ಟೆ, ಇದೂ ಹಾಗೆಯೇ. ಹರಳುಗಟ್ಟಿದ ಸಲ್ಫೇಟು ವಿದ್ಯುತ್ತನ್ನು ಹರಿಯಗೊಡದು. ಇದು ಮೊದಲನೆಯ ಬಗೆಯ ರೋಗ. ಬೇಗ ಕಂಡುಹಿಡಿದರೆ ವಾಸಿಯಾಗುವಂಥದು.

ಎರಡನೆಯದು ನೀರಡಿಕೆ. ಚಾರ್ಜು ತುಂಬಿದ ಮೇಲೂ ವಿದ್ಯುತ್ತು ಹರಿಯುತ್ತಿದ್ದರೆ ದ್ರವದಲ್ಲಿನ ನೀರು ಒಡೆದು ಜಲಜನಕ, ಆಮ್ಲಜನಕಗಳಾಗಿ ಹಾರಿಹೋಗುತ್ತದೆ. ಬಿಸಿಲಿಗೆ ಸ್ವಲ್ಪ ಆವಿಯೂ ಆಗುತ್ತದೆ. ಹೋಗುವುದು ನೀರು ಮಾತ್ರ, ಆಮ್ಲವಲ್ಲ. ಮಟ್ಟ ತಗ್ಗಿ ಫಲಕಗಳ ತಲೆ ಗಾಳಿಗೆ ತೆರೆದುಕೊಂಡರೆ ಆ ಭಾಗ ಒಣಗಿ ಕೆಡುತ್ತದೆ.

ನಿಜವಾದ ಸಾವು ಬೇರೆ. ವರ್ಷಗಳ ಬಳಕೆಯಿಂದ ಫಲಕಗಳಿಗೆ ಮೆತ್ತಿದ ಪದಾರ್ಥ ಉದುರಿ ತಳದಲ್ಲಿ ರಾಡಿಯಾಗಿ ಶೇಖರವಾಗುತ್ತದೆ. ಆ ರಾಡಿ ಎರಡು ಫಲಕಗಳಿಗೆ ತಾಗುವಷ್ಟು ಏರಿದರೆ ಕೋಶ ಒಳಗಿಂದೊಳಗೇ ಬರಿದಾಗುತ್ತದೆ. ಧನ ಫಲಕದ ಸೀಸದ ಜಾಲರಿ ಸವೆದು ಮುರಿಯುವುದೂ ಉಂಟು. ಇವಕ್ಕೆ ಮದ್ದಿಲ್ಲ.

ಮದ್ದಿಗೆ ಮೊದಲು ರೋಗ ಯಾವುದೆಂದು ಗೊತ್ತಾಗಬೇಕಲ್ಲವೆ? ಎಷ್ಟೋ ಸಲ ಕೆಟ್ಟಿರುವುದು ಬ್ಯಾಟರಿಯೇ ಅಲ್ಲ. ತಂತಿ ಸೇರುವ ಕೊನೆಗಳಲ್ಲಿ ಬಿಳಿ ಅಥವಾ ಹಸಿರು-ನೀಲಿ ಬಣ್ಣದ ಹುಡಿ ಕಟ್ಟಿಕೊಂಡಿರುತ್ತದೆ, ತಿರುಪು ಸಡಿಲವಾಗಿರುತ್ತದೆ, ಫ್ಯೂಜ್ ಸುಟ್ಟಿರುತ್ತದೆ. ಇವನ್ನು ನೋಡದೆ ಹೊಸ ಬ್ಯಾಟರಿ ಕೊಂಡವರು ದುಡ್ಡು ಕೊಟ್ಟು ತಿರುಪು ಬಿಗಿಸಿಕೊಂಡಂತಾಯಿತು. ಇವೆಲ್ಲ ಸರಿಯಿದ್ದರೆ ವೋಲ್ಟ್ ಮೀಟರಿನಿಂದ ಅಳೆಯಬೇಕು. ಕೆಲವು ಗಂಟೆ ಸುಮ್ಮನಿದ್ದ, ಪೂರ್ತಿ ತುಂಬಿದ ಬ್ಯಾಟರಿ ೧೨.೬ರಿಂದ ೧೨.೮ ವೋಲ್ಟ್ ತೋರಿಸುತ್ತದೆ. ೧೨.೨ರ ಸುಮಾರಿಗೆ ಅರ್ಧ ಇಳಿದಿದೆ ಎಂದು ತಿಳಿಯಬಹುದು. ೧೨ಕ್ಕಿಂತ ಕೆಳಗಿದ್ದರೆ ಬಹುಮಟ್ಟಿಗೆ ಬರಿದು. ಚಾರ್ಜು ಮಾಡಿದ ಮೇಲೂ ೧೦.೫ರ ಆಸುಪಾಸಿನಲ್ಲಿಯೇ ನಿಂತರೆ? ಲೆಕ್ಕ ಮಾಡಿ ನೋಡಿರಿ: ೧೨.೬ರಲ್ಲಿ ೨.೧ನ್ನು ಕಳೆದರೆ ೧೦.೫. ಆರು ಕೋಶಗಳಲ್ಲಿ ಒಂದು ಪೂರ್ತಿ ಹೋಗಿದೆ ಎಂದರ್ಥ. ಸೂಜಿಯ ಒಂದು ಅಂಕಿ ಮುಚ್ಚಿದ ಪೆಟ್ಟಿಗೆಯ ಒಳಗುಟ್ಟನ್ನು ಹೇಳಿಬಿಡುವುದು ನನಗಂತೂ ಬಹಳ ಸೊಗಸಾಗಿ ಕಾಣುತ್ತದೆ.

ಬಿರಡೆಗಳಿರುವ ಬ್ಯಾಟರಿಯಾದರೆ ಹೈಡ್ರಾಮೀಟರು ಇನ್ನೂ ನಂಬಿಕೆಯ ಸಾಕ್ಷಿ. ಗಾಜಿನ ಕೊಳವೆಯೊಳಗೆ ತೇಲುವ ಒಂದು ಬುರುಡೆ, ಅಷ್ಟೇ ಅದರ ರಚನೆ. ದ್ರವ ತೀಕ್ಷ್ಣವಾಗಿದ್ದರೆ ಬುರುಡೆ ಮೇಲೆ ತೇಲುತ್ತದೆ, ನೀರಾಗಿದ್ದರೆ ಮುಳುಗುತ್ತದೆ. ತುಂಬಿದ ಕೋಶದ ದ್ರವವು ನೀರಿಗಿಂತ ಸುಮಾರು ೧.೨೮ ಪಟ್ಟು ಸಾಂದ್ರ, ಬರಿದಾದಾಗ ೧.೧೫ಕ್ಕೂ ಕೆಳಗೆ ಇಳಿಯುತ್ತದೆ. ಎಲ್ಲ ಕೋಶಗಳೂ ಸಮನಾಗಿ ಇಳಿದಿದ್ದರೆ ಅದು ಹಸಿವು. ಐದು ಸರಿಯಿದ್ದು ಒಂದೇ ಬಹಳ ಇಳಿದಿದ್ದರೆ ಅದು ಸಾವು.

ಹಸಿದ, ನೀರಡಿಸಿದ ಬ್ಯಾಟರಿಯನ್ನು ಎಬ್ಬಿಸುವ ಕ್ರಮವನ್ನು ಈಗ ಹೇಳಬಹುದು. ಇದನ್ನು ಮನೆಯ ಹಿರಿಯರೊಡನೆ ಮಾಡತಕ್ಕದ್ದೇ ಹೊರತು ನೀವು ಒಬ್ಬರೇ ಮಾಡತಕ್ಕದ್ದಲ್ಲ. ಗಾಳಿಯಾಡುವ ಪಡಸಾಲೆ ಅಥವಾ ಹಿತ್ತಲು ಬೇಕು. ಒಲೆ, ಊದುಬತ್ತಿ, ಬೀಡಿ ಹತ್ತಿರ ಇರಬಾರದು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಚೀಲ, ಪಕ್ಕದಲ್ಲಿ ಒಂದು ಕೊಡ ನೀರು ಇರಬೇಕು. ಆಮ್ಲ ಮೈಗೆ ಸಿಡಿದರೆ ಉಜ್ಜದೆ ಧಾರಾಳವಾಗಿ ನೀರು ಹೊಯ್ಯಬೇಕು. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದೆ ತೊಳೆದು ಕೂಡಲೇ ವೈದ್ಯರ ಬಳಿಗೆ ಹೋಗಬೇಕು. ಹುಬ್ಬಳ್ಳಿಯಲ್ಲಿರುವವರಿಗೆ ಇದಕ್ಕೆ ದೂರ ಹೋಗಬೇಕಾಗಿಲ್ಲ.

ಬಿಚ್ಚುವಾಗ ಋಣ ತಂತಿಯನ್ನು ಮೊದಲು ಬಿಚ್ಚಬೇಕು. ಏಕೆಂದರೆ ಗಾಡಿಯ ಚೌಕಟ್ಟೆಲ್ಲ ಋಣ ಧ್ರುವಕ್ಕೆ ಕೂಡಿಕೊಂಡಿರುತ್ತದೆ. ಧನ ತಂತಿಯನ್ನು ಮೊದಲು ಬಿಚ್ಚಲು ಹೋಗಿ ಪಾನಾ ಚೌಕಟ್ಟಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ. ಕೂಡಿಸುವಾಗ ಋಣ ತಂತಿ ಕೊನೆಗೆ. ತಂತಿಯ ಕೊನೆಗಳಲ್ಲಿನ ಹುಡಿಯನ್ನು ಅಡುಗೆ ಸೋಡ ಕಲಸಿದ ನೀರಿನಿಂದ ಒರೆಸಿದರೆ ನೊರೆಯೆದ್ದು ಹೋಗುತ್ತದೆ. ಆ ನೀರಿನ ಒಂದು ಹನಿಯೂ ಕೋಶದೊಳಗೆ ಬೀಳಬಾರದು. ಬಿದ್ದರೆ ಅಲ್ಲಿಯ ಆಮ್ಲವನ್ನೇ ಕೊಲ್ಲುತ್ತದೆ.

ಪೆಟ್ಟಿಗೆಯ ಮೇಲೆ ಎರಡು ಗೆರೆಗಳಿರುತ್ತವೆ. ದ್ರವ ಕೆಳಗಿನ ಗೆರೆಗಿಂತ ತಗ್ಗಿದ್ದರೆ ಭಟ್ಟಿಯಿಳಿಸಿದ ನೀರನ್ನು ಹಾಕಬೇಕು. ಪೆಟ್ರೋಲ್ ಬಂಕಿನಲ್ಲಿಯೂ ಅಂಗಡಿಯಲ್ಲಿಯೂ ‘ಬ್ಯಾಟರಿ ವಾಟರ್’ ಎಂದು ಸಿಗುವುದು ಇದೇ. ನಲ್ಲಿಯ ನೀರೇಕೆ ಆಗದು? ಅವಳಿ ನಗರಕ್ಕೆ ಮಲಪ್ರಭೆಯ ಜಲಾಶಯದಿಂದಲೂ ನೀರಸಾಗರದಿಂದಲೂ ಬರುವ ನೀರು ಕುಡಿಯಲು ಒಳ್ಳೆಯದಿರಬಹುದು, ಆದರೆ ಅದರಲ್ಲಿ ಕರಗಿದ ಲವಣಗಳು, ಶುದ್ಧಗೊಳಿಸಲು ಬೆರೆಸಿದ ಕ್ಲೋರಿನ್ ಇರುತ್ತವೆ. ಇವು ಫಲಕಗಳನ್ನು ಕೊರೆದು ಸೋರಿಕೆಯನ್ನು ಹೆಚ್ಚಿಸುತ್ತವೆ. ಫಲಕಗಳು ತೆರೆದುಕೊಂಡಿದ್ದರೆ ಅವು ಮುಳುಗುವಷ್ಟು ಮಾತ್ರ ಹಾಕಿ, ಚಾರ್ಜು ಮುಗಿದ ಮೇಲೆ ಮೇಲಿನ ಗೆರೆಯವರೆಗೆ ತುಂಬಬೇಕು. ಚಾರ್ಜು ಆಗುತ್ತಾ ದ್ರವದ ಮಟ್ಟ ಏರುವುದರಿಂದ ಮೊದಲೇ ತುಂಬಿಸಿದರೆ ಆಮ್ಲ ಉಕ್ಕಿ ಗಾಡಿಯ ಬಣ್ಣವನ್ನೂ ಕಬ್ಬಿಣವನ್ನೂ ತಿನ್ನುತ್ತದೆ.

ಇಲ್ಲಿ ಅನೇಕರು ಒಂದು ಉಪಾಯ ಹೇಳುವುದುಂಟು: ‘ಆಮ್ಲ ನೀರಾಗಿದೆ, ಸ್ವಲ್ಪ ಹೊಸ ಆಮ್ಲ ಹಾಕಿದರಾಯಿತು.’ ಕೇಳಲು ಸರಿಯಾಗಿಯೇ ಇದೆ. ಆದರೆ ಮೊದಲು ಹೇಳಿದ ಸಂಗತಿಯನ್ನು ನೆನೆಯಿರಿ. ಆಮ್ಲ ಎಲ್ಲಿಗೂ ಓಡಿಹೋಗಿಲ್ಲ, ಫಲಕದ ಮೇಲೆ ಸಲ್ಫೇಟಾಗಿ ಕುಳಿತಿದೆ. ಚಾರ್ಜು ಮಾಡಿದಾಗ ಅದು ಮರಳಿ ಬರುತ್ತದೆ. ಹೊಸದನ್ನೂ ಸೇರಿಸಿದರೆ ಆಮ್ಲ ಅತಿಯಾಗಿ ಫಲಕಗಳನ್ನು ತಿಂದುಹಾಕುತ್ತದೆ. ಎಪ್ಸಮ್ ಲವಣ ಹಾಕಿದರೆ ಬ್ಯಾಟರಿ ಎದ್ದು ಕೂಡುತ್ತದೆ ಎನ್ನುವವರೂ ಇದ್ದಾರೆ. ಗಟ್ಟಿಯಾದ ಹರಳು ಅದರಿಂದ ಕರಗುವುದಿಲ್ಲ. ಎರಡು ದಿನ ವೋಲ್ಟೇಜ್ ಚೆನ್ನಾಗಿ ಕಂಡರೂ ಭಾರ ಬಿದ್ದಾಗ ಬಣ್ಣ ಬಯಲಾಗುತ್ತದೆ.

ಚಾರ್ಜು ಮಾಡುವುದರಲ್ಲಿ ಮುಖ್ಯವಾದುದು ತಾಳ್ಮೆ. ಬ್ಯಾಟರಿಯ ಮೇಲೆ ಬರೆದ ಆಂಪಿಯರ್-ಗಂಟೆಯ ಹತ್ತನೆಯ ಒಂದು ಭಾಗದಷ್ಟು ಪ್ರವಾಹ ಸಾಕು. ೫ ಆಂಪಿಯರ್-ಗಂಟೆಯದಾದರೆ ಅರ್ಧ ಆಂಪಿಯರು, ೯ರದಾದರೆ ೦.೯ ಆಂಪಿಯರು. ಹತ್ತು ಹನ್ನೆರಡು ಗಂಟೆ ಹಿಡಿಯುತ್ತದೆ. ಕಾರಿನ ಬ್ಯಾಟರಿಗೆಂದು ಮಾಡಿದ ದೊಡ್ಡ ಚಾರ್ಜರಿಗೆ ಇದನ್ನು ಕಟ್ಟಿದರೆ ಫಲಕ ಬಾಗಿ, ದ್ರವ ಕುದಿದಂತಾಗಿ, ಉಳಿಯಬಹುದಾಗಿದ್ದುದೂ ಹಾಳಾಗುತ್ತದೆ. ಬಹುದಿನ ನಿಂತ ಬ್ಯಾಟರಿ ಮೊದಲ ಕೆಲವು ಗಂಟೆ ಪ್ರವಾಹವನ್ನೇ ತೆಗೆದುಕೊಳ್ಳದಿರಬಹುದು. ಗಟ್ಟಿ ಸಲ್ಫೇಟಿನ ಅಡ್ಡಿ ಅದು. ಅಂತಹದಕ್ಕೆ ಇನ್ನೂ ಸಣ್ಣ ಪ್ರವಾಹವನ್ನು ಒಂದೆರಡು ದಿನ ಕೊಟ್ಟರೆ ಕೆಲವು ವೇಳೆ ನಿಧಾನವಾಗಿ ಒಪ್ಪಿಕೊಳ್ಳುತ್ತದೆ, ಕೆಲವು ವೇಳೆ ಒಪ್ಪುವುದಿಲ್ಲ. ಪೆಟ್ಟಿಗೆ ಕೈಗೆ ಬಿಸಿ ತಾಗಿದರೆ ನಿಲ್ಲಿಸಿ ಆರಗೊಡಬೇಕು.

ಮೊದಲು ಚಾರ್ಜರಿನ ತಂತಿಗಳನ್ನು ಬ್ಯಾಟರಿಗೆ ಕಟ್ಟಿ ಆಮೇಲೆ ಗೋಡೆಯ ಸ್ವಿಚ್ಚನ್ನು ಹಾಕಬೇಕು. ಬಿಚ್ಚುವಾಗ ಮೊದಲು ಸ್ವಿಚ್ಚು. ಚಾರ್ಜಿನ ಕೊನೆಯಲ್ಲಿ ಹೊರಡುವ ಜಲಜನಕ ಗಾಳಿಯಲ್ಲಿ ನೂರಕ್ಕೆ ೪ ಪಾಲು ಸೇರಿದರೂ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಬ್ಯಾಟರಿ ಸಿಡಿದು ಮುಖದ ಮೇಲೆ ಆಮ್ಲ ಚೆಲ್ಲುವುದು ಹೀಗೆಯೇ. ಇನ್ನೊಂದು ಅಪಾಯವನ್ನು ಒತ್ತಿ ಹೇಳಬೇಕಾಗಿದೆ. ಒಂದು ಬಲ್ಬು, ಒಂದು ಡಯೋಡು ಸೇರಿಸಿ ಮನೆಯ ೨೩೦ ವೋಲ್ಟಿಗೆ ನೇರವಾಗಿ ಕಟ್ಟುವ ‘ಅಗ್ಗದ ಚಾರ್ಜರ್’ ಒಂದನ್ನು ಕೆಲವರು ಮಾಡಿಕೊಳ್ಳುತ್ತಾರೆ. ಅದರಲ್ಲಿ ಬ್ಯಾಟರಿಯ ತುದಿಯನ್ನು ಮುಟ್ಟುವುದೆಂದರೆ ಗೋಡೆಯ ತಂತಿಯನ್ನೇ ಮುಟ್ಟಿದಂತೆ. ಪ್ರಾಣ ತೆಗೆಯುವ ಸಾಧನವದು. ಯಾರು ಮಾಡಿಕೊಟ್ಟರೂ ಮುಟ್ಟಬೇಡಿರಿ.

ಚಾರ್ಜು ಮುಗಿದ ಮೇಲೆ ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಅಳೆಯಿರಿ. ೧೨.೬ ನಿಂತಿದ್ದು, ಸೆಲ್ಫ್ ಗುಂಡಿ ಒತ್ತಿದಾಗಲೂ ೧೦ಕ್ಕಿಂತ ಬಹಳ ಇಳಿಯದಿದ್ದರೆ ಗೆದ್ದಂತೆ. ರಾತ್ರಿಯಲ್ಲಿಯೇ ಇಳಿದುಹೋಗಿದ್ದರೆ ಮತ್ತೆ ಮತ್ತೆ ಪ್ರಯತ್ನಿಸುವುದರಲ್ಲಿ ಅರ್ಥವಿಲ್ಲ.

ಬಿರಡೆಗಳೇ ಇಲ್ಲದ, ಮುಚ್ಚಿದ ಬ್ಯಾಟರಿಗಳು ಈಗ ಹೆಚ್ಚು. ಅವುಗಳಲ್ಲಿ ಆಮ್ಲವನ್ನು ಗಾಜಿನ ಎಳೆಯ ಹಾಸಿನಲ್ಲಿ ಹೀರಿಸಿಟ್ಟಿರುತ್ತಾರೆ. ಮುಚ್ಚಳ ಕಿತ್ತು ನೀರು ಹಾಕುವ ಸಾಹಸ ಬೇಡ. ಸುಮಾರು ೧೪.೪ ವೋಲ್ಟನ್ನು ಮೀರದ ಚಾರ್ಜರಿನಿಂದ ನಿಧಾನವಾಗಿ ತುಂಬುವುದೊಂದೇ ಮಾಡಬಹುದಾದದ್ದು. ವಿದ್ಯುತ್ ಸ್ಕೂಟರುಗಳ ಲಿಥಿಯಂ ಬ್ಯಾಟರಿಗೆ ಈ ಪಾಠದ ಒಂದು ಮಾತೂ ಅನ್ವಯಿಸುವುದಿಲ್ಲ.

ಸತ್ತ ಬ್ಯಾಟರಿಯನ್ನು ಏನು ಮಾಡಬೇಕು? ಅದರ ತೂಕದಲ್ಲಿ ಹೆಚ್ಚಿನ ಪಾಲು ಸೀಸ. ಆದುದರಿಂದಲೇ ನಮ್ಮ ಕಡೆ ‘ಮೋಡ್ಕಾ’ ಕೊಳ್ಳುವವನು ಅದನ್ನು ತೂಗಿ ದುಡ್ಡು ಕೊಡುತ್ತಾನೆ. ಆದರೆ ಅದು ಯಾವ ಕೈಗೆ ಹೋಗುತ್ತದೆ ಎಂಬುದು ಸಣ್ಣ ವಿಷಯವಲ್ಲ. ಕೊಡಲಿಯಿಂದ ಪೆಟ್ಟಿಗೆ ಒಡೆದು, ಆಮ್ಲವನ್ನು ಮೋರಿಗೆ ಚೆಲ್ಲಿ, ಸೀಸವನ್ನು ತೆರೆದ ಒಲೆಯಲ್ಲಿ ಕರಗಿಸುವವರಿದ್ದಾರೆ. ಆ ಧೂಳು ಮಣ್ಣಿನಲ್ಲಿ ಉಳಿಯುತ್ತದೆ. ಆಫ್ರಿಕದ ಸೆನೆಗಲ್ ದೇಶದ ರಾಜಧಾನಿ ಡಾಕರಿನ ಅಂಚಿನಲ್ಲಿ ತಿಯಾರೊಯ್ ಸುರ್ ಮೆರ್ ಎಂಬ ಊರಿದೆ. ಅಲ್ಲಿ ಜನ ಹಳೆಯ ಬ್ಯಾಟರಿಗಳನ್ನು ಒಡೆದ ಜಾಗದ ಮಣ್ಣನ್ನು ಅಗೆದು, ಜರಡಿಯಾಡಿ, ಸೀಸ ಹೆಕ್ಕಿ ಮಾರತೊಡಗಿದರು. ೨೦೦೭ರ ಕೊನೆಯಿಂದ ೨೦೦೮ರ ಮೊದಲ ತಿಂಗಳುಗಳೊಳಗೆ ಅಲ್ಲಿ ೧೮ ಮಕ್ಕಳು ತೀರಿಕೊಂಡರು. ಸೀಸದ ವಿಷ ಎಂದು ಪರೀಕ್ಷೆಗಳಿಂದ ತಿಳಿದುಬಂದಿತು.

ಸೀಸ ದೊಡ್ಡವರಿಗಿಂತ ಮಕ್ಕಳಿಗೆ ಹೆಚ್ಚು ಕೆಡುಕು ಮಾಡುತ್ತದೆ, ಏಕೆಂದರೆ ಬೆಳೆಯುವ ಮೆದುಳಿಗೆ ಅದು ನೇರವಾಗಿ ಏಟು ಕೊಡುತ್ತದೆ. ನೋವಿಲ್ಲ, ಗಾಯವಿಲ್ಲ, ಓದಿದ್ದು ತಲೆಗೆ ಹತ್ತದಾಗುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಮಹಾವಿದ್ಯಾಲಯದ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ವಿಷದ ವಿಚಾರವಾಗಿ ದೀರ್ಘಕಾಲ ದುಡಿದು ದೇಶದ ಗಮನ ಸೆಳೆದವರು. ೨೦೦೦ದಲ್ಲಿ ದೇಶದಾದ್ಯಂತ ಪೆಟ್ರೋಲಿನಿಂದ ಸೀಸವನ್ನು ತೆಗೆಯಲಾಯಿತು. ಬ್ಯಾಟರಿಗಳ ಬಗೆಗೆ ೨೦೦೧ರಲ್ಲಿ ಒಂದು ನಿಯಮಾವಳಿ, ಅದರ ಬದಲು ೨೦೨೨ರಲ್ಲಿ ಮತ್ತೊಂದು ಜಾರಿಗೆ ಬಂದವು. ಹಳೆಯದನ್ನು ಹಿಂದಕ್ಕೆ ಪಡೆದು ಸರಿಯಾದ ಕಾರ್ಖಾನೆಗೆ ಮುಟ್ಟಿಸುವ ಹೊಣೆಯನ್ನು ಈಗಿನ ನಿಯಮ ತಯಾರಕರ ಮೇಲೆ ಹೊರಿಸಿದೆ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅಂಗಡಿಯಲ್ಲಿಯೇ ಕೊಟ್ಟರೆ ಬೆಲೆಯಲ್ಲಿ ಕಡಿತವೂ ದೊರೆಯುತ್ತದೆ. ನಾಲ್ಕು ಕಾಸು ಹೆಚ್ಚು ಕೊಡುತ್ತೇನೆಂದು ಬಾಗಿಲಿಗೆ ಬಂದವನಿಗೆ ಕೊಡುವುದಕ್ಕಿಂತ ಇದು ಲೇಸೆಂದು ನನ್ನ ಅಭಿಪ್ರಾಯ.

ಗಾಡಿಯನ್ನು ನಿಲ್ಲಿಸಿಡುವ ಪ್ರಸಂಗ ಬಂದರೆ ಮಾಡಬೇಕಾದುದು ಸ್ವಲ್ಪವೇ. ಮನೆಯ ಮುಂದೆ ಐದು ನಿಮಿಷ ಎಂಜಿನ್ನನ್ನು ಗುರುಗುಟ್ಟಿಸಿ ನಿಲ್ಲಿಸುವುದರಿಂದ ಪ್ರಯೋಜನ ಕಡಿಮೆ. ಸೆಲ್ಫ್ ಹೊಡೆದಾಗ ಹೋದ ಶಕ್ತಿಯೂ ಅಷ್ಟರಲ್ಲಿ ಮರಳದಿರಬಹುದು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು ೨೦ ಕಿಲೋಮೀಟರು. ವಾರಕ್ಕೊಮ್ಮೆ ಅಷ್ಟು ದೂರ ಓಡಿಸಿದರೆ ಬ್ಯಾಟರಿ ಸುಖವಾಗಿರುತ್ತದೆ. ಜೂನ್ ತಿಂಗಳಲ್ಲಿ ಜಿಟಿಜಿಟಿ ಮಳೆ ಹಿಡಿದು ಗಾಡಿ ಮೂಲೆ ಸೇರುವುದಾದರೆ ಋಣ ತಂತಿಯನ್ನು ಬಿಚ್ಚಿ, ಬ್ಯಾಟರಿಯನ್ನು ಒಣ ಜಾಗದಲ್ಲಿ ಮಕ್ಕಳ ಕೈಗೆ ಎಟುಕದ ಹಾಗೆ ಇಟ್ಟು, ತಿಂಗಳಿಗೊಮ್ಮೆ ಚಾರ್ಜು ಮಾಡಿದರೆ ಸಾಕು.